ನಡಾವಳಿ ಬರೆಯುವ ಗೀಚಪ್ಪ

ಪುರಸಭೆಯ ಸಭಾಂಗಣದಲ್ಲಿ ಅಧ್ಯಕ್ಷರ ಕುರ್ಚಿಯ ಎಡಕ್ಕೆ ಒಂದು ಪುಟ್ಟ ಮೇಜು. ಮೂವತ್ತೆರಡು ವರ್ಷದಿಂದ ಆ ಮೇಜಿನ ಮುಂದೆ ಕೂತು, ಯಾರು ಏನು ಮಾತಾಡಿದರೂ ಶೀಘ್ರಲಿಪಿಯಲ್ಲಿ ಬರೆದುಕೊಂಡು, ಆಮೇಲೆ ಅದನ್ನು ಟೈಪು ಮಾಡಿ ‘ಸಭೆಯ ನಡಾವಳಿ’ ಎಂದು ಸಹಿ ಹಾಕಿಕೊಡುವುದು ಅವನ ಕೆಲಸ. ಅವನಿಗೊಂದು ಸರಿಯಾದ ಹೆಸರು ಇದ್ದೇ ಇತ್ತು. ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಊರಿಗೆಲ್ಲ ಅವನು ಗೀಚಪ್ಪ.

ಮೊದಲು ಆ ಸಭೆಯಲ್ಲಿ ಏಳು ಪಕ್ಷಗಳಿದ್ದವು, ಏಳೂ ಏಳು ದಿಕ್ಕಿಗೆ. ಮಾರುಕಟ್ಟೆಗೆ ಒಂದು ತಗಡಿನ ಸೂರು ಹಾಕಿಸಲು ನಾಲ್ಕು ವರ್ಷ ಜಗಳವಾಡಿದ ಪುಣ್ಯಾತ್ಮರು ಅವರು. ಹಿಂದಿನ ಸಭೆಯ ನಡಾವಳಿ ಓದಿ ಒಪ್ಪಿಕೊಳ್ಳುವುದಕ್ಕೇ ಒಂದು ಗಂಟೆ ಬೇಕಿತ್ತು. “ನಾನು ‘ನೋಡೋಣ’ ಅಂದಿದ್ದೆ ಕಣ್ರೀ, ಇವ್ನು ‘ಮಾಡೋಣ’ ಅಂತ ಬರ್ದಿದಾನೆ!” ಎಂದು ಒಬ್ಬ ಎದ್ದರೆ, ಅವನನ್ನು ಕೂರಿಸಲು ಇನ್ನಿಬ್ಬರು ಏಳುತ್ತಿದ್ದರು. ಎಲ್ಲರಿಗಿಂತ ದೊಡ್ಡ ತಲೆನೋವು ತಗಾದೆ ಮೇಷ್ಟ್ರು. ಅವರದು ಒಬ್ಬರದೇ ಪಕ್ಷ. ಅಧ್ಯಕ್ಷರೂ ಅವರೇ, ಕಾರ್ಯದರ್ಶಿಯೂ ಅವರೇ, ಚಪ್ಪಾಳೆ ತಟ್ಟುವವರೂ ಅವರೇ. ಒಂದು ಚರಂಡಿಯ ಕಲ್ಲು ಸರಿದರೂ ಎದ್ದು ನಿಂತು, “ಇದಕ್ಕೆ ಹೊಣೆ ಯಾರು, ಹೆಸರು ಹೇಳಿ” ಎಂದು ಪಟ್ಟು ಹಿಡಿಯುವರು. ಬರೆದೂ ಬರೆದೂ ಗೀಚಪ್ಪನ ಬೆರಳು ಸೆಟೆದುಕೊಳ್ಳುತ್ತಿತ್ತು. ಮನೆಗೆ ಹೋಗಿ ಊಟಕ್ಕೆ ಕೂತರೆ ಆಗಿನ್ನೂ ಜೊತೆಯಲ್ಲೇ ಇದ್ದ ಮಗಳ ಮುಂದೆ ಮೇಷ್ಟ್ರಿಗೆ ಮಂಗಳಾರತಿ ಎತ್ತುವುದೇ ಅವನಿಗೆ ಸಮಾಧಾನ.

ಆಮೇಲೆ ಪಕ್ಷಗಳು ಕರಗತೊಡಗಿದವು. ಎರಡು ಸೇರಿ ಒಂದಾದವು. ಒಂದರ ಸದಸ್ಯರು ರಾತ್ರಿ ಬೆಳಗಾಗುವುದರೊಳಗೆ ಆಳುವ ಪಕ್ಷಕ್ಕೆ ಹಾರಿದರು. ಇನ್ನೊಂದರ ನಾಮಪತ್ರಗಳಲ್ಲಿ ಅದೇನೋ ದೋಷ ಸಿಕ್ಕಿತು. ಮೂರು ಸ್ಥಾನವೂ ಇಲ್ಲದ ಪಕ್ಷ ಪಕ್ಷವೇ ಅಲ್ಲ ಎಂಬ ನಿಯಮ ಬಂದು ಮೇಷ್ಟ್ರು ಮನೆ ಸೇರಿದರು. ಗದ್ದಲ ಸಾಕಪ್ಪಾ ಸಾಕು ಎಂದು ಜನರೂ ಉಸಿರು ಬಿಟ್ಟರು. ಸುಳ್ಳೇಕೆ ಹೇಳಬೇಕು, ಗೀಚಪ್ಪನೂ ಆ ಒಂದೇ ಪಕ್ಷಕ್ಕೆ ಓಟು ಹಾಕಿದವನೇ. ಸಭೆಗಳು ಇಪ್ಪತ್ತು ನಿಮಿಷಕ್ಕೆ ಮುಗಿಯತೊಡಗಿದವು, ಅವನ ಬೆರಳಿನ ನೋವು ವಾಸಿಯಾಯಿತು.

ಒಂದು ಸೋಮವಾರ ಟೈಪಿಗೆ ಬಂದ ಕಾಗದಗಳಲ್ಲಿ ನೀರಿನ ಟ್ಯಾಂಕಿನ ತಪಾಸಣಾ ವರದಿ ಇತ್ತು. ಮೂರನೆಯ ಕಂಬದಲ್ಲಿ ಬಿರುಕು. ಅರ್ಧಕ್ಕಿಂತ ಹೆಚ್ಚು ನೀರು ತುಂಬಬಾರದು. ದುರಸ್ತಿಯಾಗುವ ತನಕ ಕೆಳಗಿನ ಬೀದಿಯ ಮನೆಗಳನ್ನು ಖಾಲಿ ಮಾಡಿಸಬೇಕು. ಗೀಚಪ್ಪ ಆ ಸಾಲನ್ನು ಎರಡು ಸಲ ಓದಿದ. ಆ ಬೀದಿಯ ಮೂರನೆಯ ಮನೆಯಲ್ಲಿ ಇದ್ದವಳು ಅವನ ಮಗಳು. ಬಟ್ಟೆ ಹೊಲಿದುಕೊಂಡು ಎರಡು ಮಕ್ಕಳನ್ನು ಸಾಕುತ್ತಿದ್ದಳು.

ಸಭೆಯಲ್ಲಿ ಅದು ಹದಿನಾಲ್ಕನೆಯ ವಿಷಯ. “ಟ್ಯಾಂಕಿನ ವರದಿ ಬಂದಿದೆ. ಒಪ್ಪಿಗೆನಾ?” ಎಂದರು ಅಧ್ಯಕ್ಷರು. ಮೂವತ್ತೊಂದು ಕೈ ಮೇಲೆದ್ದವು, ಕೆಳಗಿಳಿದವು. ಗೀಚಪ್ಪ ಪೆನ್ಸಿಲ್ ಹಿಡಿದು ಕಾದ. ಈಗ ಯಾರಾದರೂ ಏಳುತ್ತಾರೆ, ಹೊಣೆ ಯಾರು ಎಂದು ಕೇಳುತ್ತಾರೆ ಎಂದು ಕಾದ. ಒಬ್ಬನೂ ಕೆಮ್ಮಲಿಲ್ಲ. ಅಧ್ಯಕ್ಷರು ಹದಿನೈದನೆಯ ವಿಷಯಕ್ಕೆ ಹೋದರು.

ಅಂದು ಸಂಜೆ ಮಗಳಿಗೆ ಹೇಳಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ.

“ಅಷ್ಟು ಅಪಾಯ ಇದ್ದಿದ್ರೆ ಸಭೇಲಿ ಯಾರಾದ್ರೂ ಬಾಯಿ ಬಿಡ್ತಿರ್ಲಿಲ್ವೇನಪ್ಪ?”

“ಬಾಯಿ ಬಿಡೋರು ಯಾರೂ ಉಳಿದಿಲ್ಲ ಕಣಮ್ಮ.”

“ಒಳ್ಳೇದಾಯ್ತು ಅಂತ ನೀನೇ ತಾನೆ ಅಂದಿದ್ದು?”

ಮುಖಕ್ಕೆ ಹೊಡೆದಂತಾಯಿತು. ಆದರೂ ಬಿಡದೆ, ಗೋಗರೆದು, ಗದರಿಸಿ, ಕಡೆಗೆ ಕಣ್ಣೀರು ಹಾಕಿ ಅವಳನ್ನು ಒಪ್ಪಿಸಿದ. ತಿಂಗಳ ಕೊನೆಯ ಶುಕ್ರವಾರ ಮನೆ ಬಿಡುವುದು, ಅಪ್ಪನ ಒಂದೂವರೆ ಕೋಣೆಯಲ್ಲೇ ಇರುವುದು ಎಂದಾಯಿತು. ಆದರೆ ಆ ಬೀದಿಯಲ್ಲಿ ಇನ್ನೂ ಎಪ್ಪತ್ತು ಮನೆಗಳಿದ್ದವು. ಬಾಗಿಲಲ್ಲಿ ಕೂತ ಮುದುಕಿಯರು “ಏನು ಗೀಚಪ್ಪ, ಸೌಖ್ಯನಾ?” ಎಂದು ಕೇಳಿದಾಗ, ಮಗಳೇ ನಂಬದ್ದನ್ನು ಇವರು ನಂಬುತ್ತಾರೆಯೇ ಎಂದುಕೊಂಡು ತಲೆ ತಗ್ಗಿಸಿ ನಡೆದ.

ಆಗ ಅವನು ಮೂವತ್ತೆರಡು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಸಭೆಯ ನಡಾವಳಿಯಲ್ಲಿ ಯಾರೂ ಆಡದ ಮಾತೊಂದನ್ನು ಸೇರಿಸಿದ. “ಟ್ಯಾಂಕಿನ ಮೂರನೆಯ ಕಂಬ ಬಿರುಕುಬಿಟ್ಟಿರುವಾಗ ಕೆಳಗಿನ ಮನೆಗಳವರನ್ನು ಏಕೆ ತೆರವು ಮಾಡಿಲ್ಲ, ಅನಾಹುತವಾದರೆ ಹೊಣೆ ಯಾರು ಎಂದು ಒಬ್ಬ ಸದಸ್ಯರು ಕೇಳಿದರು.” ಮುಂದಿನ ಸಭೆಯಲ್ಲಿ ಇದನ್ನು ಓದಿದಾಗ ಯಾರು ಆ ಸದಸ್ಯ ಎಂದು ರಂಪವಾಗಬೇಕು, ರಂಪದಲ್ಲಿ ವರದಿ ಹೊರಬೀಳಬೇಕು. ತನ್ನ ಕೆಲಸ ಹೋದರೆ ಹೋಗಲಿ ಎಂದುಕೊಂಡ.

ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ನಡಾವಳಿಯನ್ನು ಗಟ್ಟಿಯಾಗಿ ಓದಿದರು. ಆ ಸಾಲು ಬಂದಾಗ ಅವರ ದನಿ ಒಂದು ಕ್ಷಣ ತಡವರಿಸಿತು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಳಿಕ ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಕನ್ನಡಕ ಒರೆಸುತ್ತಿದ್ದರು.

“ಒಪ್ಪಿಗೆನಾ?”

ಮೂವತ್ತೊಂದು ಕೈ ಮೇಲೆದ್ದವು. ಗೀಚಪ್ಪ ‘ಒಪ್ಪಲಾಯಿತು’ ಎಂದು ಬರೆದುಕೊಂಡ.

ಸಭೆ ಮುಗಿದ ಮೇಲೆ ಅಧ್ಯಕ್ಷರು ಅವನನ್ನು ಕರೆದು ಕೂರಿಸಿ, ಟೀ ತರಿಸಿದರು. ಬೈಯಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

“ಪ್ರಶ್ನೆ ಚೆನ್ನಾಗಿ ಬರ್ದಿದೀರಿ. ಆದ್ರೆ ಉತ್ತರ ಬಿಟ್ಟುಹೋಗಿದೆಯಲ್ಲ? ‘ಕಂಬವನ್ನು ಪರಿಶೀಲಿಸಲಾಗಿದೆ, ಯಾವ ಅಪಾಯವೂ ಇಲ್ಲ ಎಂದು ಸಭೆಗೆ ತಿಳಿಸಲಾಯಿತು’ ಅಂತ ಸೇರಿಸ್ಬಿಡಿ. ಯಾರು ಕೇಳಿದ್ದು ಅಂತ ನಾನೂ ಕೇಳಲ್ಲ.” ಟೀ ಲೋಟವನ್ನು ಅವನತ್ತ ಸರಿಸಿದರು. “ನಿಮ್ಮ ಮಗಳು ಅದೇ ಬೀದಿಲಿ ಅಲ್ವಾ ಇರೋದು? ಹೊಲಿಗೆ ಅಂಗಡಿಗೆ ಲೈಸೆನ್ಸು ಮಾಡಿಸಿದಾಳೆ ತಾನೆ?”

ಗೀಚಪ್ಪ ಟೈಪು ಮಾಡಿದ. ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಶುಕ್ರವಾರಕ್ಕೆ ಇನ್ನು ಮೂರೇ ದಿನ, ನನ್ನ ಮಗಳು, ಮೊಮ್ಮಕ್ಕಳಂತೂ ಅಲ್ಲಿಂದ ಪಾರಾಗುತ್ತಾರೆ ಎಂದು ಮನಸ್ಸಿಗೆ ಹೇಳಿಕೊಂಡು ಕೆಳಗೆ ಸಹಿ ಹಾಕಿದ. ಮಾರನೆಯ ದಿನವೇ ಅದರ ಪ್ರತಿಗಳು ಬೀದಿಯ ಗೋಡೆಗಳ ಮೇಲೆ ಬಿದ್ದವು.

ಶುಕ್ರವಾರ ಬೆಳಿಗ್ಗೆ ಬಾಡಿಗೆ ಗಾಡಿ ಮಾಡಿಕೊಂಡು ಮಗಳ ಮನೆಗೆ ಹೋದ. ಬಾಗಿಲು ಹಾರು ಹೊಡೆದಿತ್ತು. ಕಟ್ಟಿಟ್ಟ ಗಂಟುಗಳನ್ನೆಲ್ಲ ಬಿಚ್ಚಿ, ಪಾತ್ರೆಗಳನ್ನು ಮತ್ತೆ ಗೂಡಿಗೆ ಜೋಡಿಸಿದ್ದಳು. ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು. ಟ್ಯಾಂಕಿಗೆ ನೀರೇರಿಸುವ ಮೋಟರು ಗುರುಗುಟ್ಟುತ್ತಿತ್ತು.

“ಗಾಡಿ ವಾಪಸ್ ಕಳ್ಸಪ್ಪ,” ಎಂದಳು ಮಗಳು, ಎಷ್ಟೋ ದಿನಗಳ ಮೇಲೆ ನಗುತ್ತಾ. “ಸಭೇಲಿ ಕೇಳಿದಾರಂತಲ್ಲ, ಅಪಾಯ ಇಲ್ವಂತಲ್ಲ! ಗೋಡೆ ಮೇಲೆ ಅಂಟಿಸಿದಾರೆ. ಬೀದಿಯವ್ರಿಗೆಲ್ಲ ನಾನೇ ಓದಿ ಹೇಳಿದೆ.”

“ಅಯ್ಯೋ, ಅದನ್ನ ಬರೆದಿದ್ದು ನಾನು ಕಣೇ!”

“ಗೊತ್ತಪ್ಪ, ಕೆಳಗೆ ನಿನ್ನ ಸಹಿ ಇತ್ತಲ್ಲ,” ಎಂದಳು ಅವಳು. “ಅದಕ್ಕೇ ನಂಬಿದ್ದು.”