ನೇರವಾಗಿ ಕೇಳಿದ ಮೇಡಂ

ಸಾಬೂನು ಹಚ್ಚಿ ತೊಳೆದು ತೊಳೆದು ಮೇಡಂ ಅವರ ಬೆರಳ ಸಂದುಗಳೆಲ್ಲ ಒಡೆದಿದ್ದವು. ಹೆರಿಗೆ ಕೋಣೆಯಿಂದ ಹೊರಬಂದವರೇ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ ಪಾಠ ಶುರುಮಾಡುತ್ತಿದ್ದರು. ಬೈಲಹೊಂಗಲದ ಒಂದು ನರ್ಸಿಂಗ್ ಶಾಲೆಯಲ್ಲಿ ನಮಗೆ ಹೆರಿಗೆ ಮಾಡಿಸುವುದನ್ನು ಕಲಿಸಿದವರು ಅವರು. ಬಸುರಿಯ ಹೊಟ್ಟೆ ಮುಟ್ಟುವ ಮೊದಲು, "ಕೈ ಬೆಚ್ಚಗ ಮಾಡ್ಕೋರೆವಾ, ಅಕಿ ಮೊದಲ ಅಂಜಿರತಾಳ" ಎನ್ನುವುದು ದಿನದ ಮಾತು.

ಎರಡನೆಯ ವರ್ಷ ನನ್ನ ಡ್ಯೂಟಿಯಲ್ಲಿ ಒಂದು ಕೂಸು ಸತ್ತೇ ಹುಟ್ಟಿತು. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರೂ ಹಿರಿಯ ನರ್ಸ್ ಒಬ್ಬರು ಎಲ್ಲರೆದುರು, "ನಿನ್ನ ಕೈಗುಣಾನ ಅಷ್ಟ" ಎಂದುಬಿಟ್ಟರು. ಊಟ ಸೇರದಾಯಿತು, ನಿದ್ದೆ ಹೋಯಿತು. ನಮ್ಮೂರು ಸುರೇಬಾನದಿಂದ ಅಪ್ಪನ ಫೋನ್ ಬಂದರೆ "ಆರಾಮ ಅದೇನಿ" ಎಂದು ಇಟ್ಟುಬಿಡುತ್ತಿದ್ದೆ. ಒಂದು ದಿನ ನನ್ನ ಕೈಗಡಿಯಾರವನ್ನೂ ಹೊಸ ಚೂಡಿದಾರವನ್ನೂ ರೂಮಿನ ಗೆಳತಿಗೆ ಕೊಟ್ಟೆ.

ಮರುದಿನ ಮೇಡಂ ರೋಗಿಯ ನಾಡಿ ಎಣಿಸಲು ಹೇಳಿದರು. ನನ್ನ ಕೈಯಲ್ಲಿ ಗಡಿಯಾರವಿರಲಿಲ್ಲ. ಗೆಳತಿಗೆ ಕೊಟ್ಟೆ, ಇನ್ನು ನನಗದು ಬೇಡ ಎಂದೆ. ಬಟ್ಟೆ ಮಡಚಿಡುವ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

"ಸಾಯಬೇಕು ಅನಸಾಕತ್ತೈತೇನ ನಿನಗ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೂಂ ಎಂದೆ. ಅವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ಹೇಳಿದ್ದು ಛಲೋ ಆತು. ಇವತ್ತ ನನ್ನ ಜೋಡಿನ ಇರು" ಎಂದರು. ಅಪ್ಪನಿಗೆ ತಾವೇ ಫೋನ್ ಮಾಡಿದರು. ಅವನು ಗಾಬರಿಯಾಗಿ ಓದು ಬಿಡಿಸುತ್ತೇನೆ ಎಂದಾಗ, "ಅದನ್ನ ಆಮ್ಯಾಲ ನೋಡೂಣ್ರಿ. ಮೊದಲ ಬಂದು ಮಗಳ ಬಾಜೂಕ ಕುಂದರ್ರಿ" ಎಂದರು.

ಅಪ್ಪ ಬಂದ ಮೇಲೆ ಮೂವರೂ ಧಾರವಾಡದ ಮನೋವೈದ್ಯರ ಹತ್ತಿರ ಹೋದೆವು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ ಮೇಡಂ ತೊರಗಲ್ಲಿನ ಒಬ್ಬ ಹುಡುಗಿಯ ವಿಷಯ ಹೇಳಿದರು. ನನಗಿಂತ ಮುಂಚೆ ಅವರ ಕೈಯಲ್ಲಿ ಕಲಿಯುತ್ತಿದ್ದವಳು, ಓದುತ್ತಿರುವಾಗಲೇ ಜೀವ ಕಳೆದುಕೊಂಡಿದ್ದಳು.

"ಮಾರಿ ನೋಡಿದಾಗನ ಸಂಶೆ ಬಂದಿತ್ತು. ಪರೀಕ್ಷಾ ಮುಗೀಲಿ, ಆಮ್ಯಾಲ ಕೇಳೂಣು ಅಂತ ಬಿಟ್ಟೆ."

ನನ್ನ ಚಿಕಿತ್ಸೆಗೆ ವರ್ಷ ಹಿಡಿಯಿತು. ಓದು ಮುಗಿಸಿ ಸವದತ್ತಿಯಲ್ಲಿ ಕೆಲಸಕ್ಕೆ ಸೇರಿದೆ. ಹೋದ ವರ್ಷ ಮೇಡಂ ಅವರ ಕಿಡ್ನಿ ಕಾಯಿಲೆ ಬಿಗಡಾಯಿಸಿತೆಂದು ತಿಳಿದು ರಜೆ ಹಾಕಿ ಹೋದೆ. ಮಂಪರಿನಲ್ಲಿ ಅವರು ತೊರಗಲ್ಲಿನ ಆ ಹುಡುಗಿಯನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಎಚ್ಚರವಾದಾಗ ನಾನು, "ಆವತ್ತ ನನ್ನ ಕೇಳಿದ್ರಲ್ರಿ ಮೇಡಂ. ನಾ ಜೀವಂತ ಅದೇನಲ್ರಿ" ಎಂದೆ.

"ಹೌದವಾ, ನೀ ಅದಿ" ಎಂದು ನನ್ನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಅವಳನ್ನೇ ಕರೆಯತೊಡಗಿದರು.

ಎರಡು ದಿನದ ಮೇಲೆ ಅವರು ತೀರಿಕೊಂಡಾಗ ನಾನು ಪಕ್ಕದಲ್ಲೇ ಇದ್ದೆ.