ನಿದ್ದೆ ಬಾರದ ಅತ್ತೆ, ನಿದ್ದೆ ಬಿಡದ ಸೊಸೆ

ಆ ದಿನವೂ ಜಿಪ್ಪಣ್ಣ ಅಂಗಡಿಯ ಶಟರ್ ಎತ್ತಿ, ಕೆಂಪು ಚೀಲವನ್ನು ಹೊರಗಿನ ಕೊಕ್ಕೆಗೆ ನೇತುಹಾಕಿದ. ಅದೇ ಅವನ ಬೋರ್ಡು. ಚೀಲದ ಜಿಪ್ಪನ್ನು ಸರ್ರನೆ ತೆರೆದ, ಸರ್ರನೆ ಮುಚ್ಚಿದ. ಆ ಸದ್ದು ಕೇಳಿದರೆ ಅಂಗಡಿ ತೆರೆಯಿತೆಂದು ಬೀದಿಗೆಲ್ಲ ಗೊತ್ತು. ಚೀಲ, ಪೆಟ್ಟಿಗೆ, ಜಾಕೆಟ್ಟು, ಯಾವುದರ ಜಿಪ್ಪು ಕೆಟ್ಟರೂ ಜನ ಅವನ ಬಳಿಗೇ ಬರುತ್ತಿದ್ದರು. ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು.

ಹೆಂಡತಿ ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ತಾಯಿ ಮೂಲೆಯ ಸ್ಟೂಲಿನ ಮೇಲೆ ಕೂತು, ಜಿಪ್ಪಿನ ಮೇಲೆ ಓಡಾಡುವ ರನ್ನರುಗಳನ್ನು ದೊಡ್ಡದು ಚಿಕ್ಕದು ಎಂದು ಬೇರೆ ಮಾಡುತ್ತಿದ್ದರು. ಜಿಪ್ಪಣ್ಣನ ಬಾಯಿಗೆ ಬಿಡುವಿರಲಿಲ್ಲ. ಬಂದವರನ್ನೆಲ್ಲ ನಿಲ್ಲಿಸಿಕೊಂಡು ಹರಟುತ್ತಿದ್ದ.

"ಊರಿನ ಚೀಲಗಳ ಬಾಯೆಲ್ಲ ಮುಚ್ಚಿಸ್ತೀಯಲ್ಲೋ, ನಿನ್ನ ಬಾಯಿ ಮುಚ್ಚಿಸೋರೇ ಇಲ್ಲ!" ಎಂದರು ತಾಯಿ.

"ನಿನ್ನ ಸೊಸೆ ಹತ್ರ ಇಕ್ಕಳ ಇದೆಯಮ್ಮ. ಕೇಳಿ ನೋಡು," ಎಂದು ಅವನು ಕಣ್ಣು ಹೊಡೆದ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಹಾಗೇ ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಎದೆಬಡಿತ ನಿಂತುಹೋಗಿತ್ತು.

ಬಂದವರು ಅತ್ತರು, ಹೋದರು. ಶಟರ್ ಮೇಲೇಳಲಿಲ್ಲ. ಕೆಂಪು ಚೀಲ ಬಾಗಿಲ ಹಿಂದೆ ಧೂಳು ತಿನ್ನುತ್ತ ಬಿದ್ದಿತ್ತು.

ಅತ್ತೆಗೆ ನಿದ್ದೆ ಹೋಯಿತು. ಬೆಳಕು ಹರಿಯುವುದಕ್ಕೆ ಎಷ್ಟೋ ಮೊದಲೇ ಎದ್ದು ಮಂಚದ ಅಂಚಿನಲ್ಲಿ ಕೂರುತ್ತಿದ್ದರು. ಬೆಳಗಿನ ಹೊತ್ತೇ ಅವರಿಗೆ ಭಾರ. ಸಂಜೆಯಾದರೆ ಒಂದೆರಡು ಮಾತು ಹೊರಡುತ್ತಿತ್ತು. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಳೆ ಮೊಣಕೈಗೆ ಜಾರುತ್ತಿತ್ತು.

ಸೊಸೆಯದು ಉಲ್ಟಾ. ಮಲಗಿದರೆ ಏಳುತ್ತಿರಲಿಲ್ಲ. ಎದ್ದರೆ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡಿ ಮತ್ತೆ ಮಲಗುತ್ತಿದ್ದಳು. ಕೈಕಾಲಿಗೆ ಕಲ್ಲು ಕಟ್ಟಿದ ಹಾಗೆ. ಯಾರಾದರೂ ಬಂದು ತಮಾಷೆ ಮಾಡಿದರೆ ನಗುತ್ತಿದ್ದಳು. ಅವರು ಹೊಸಿಲು ದಾಟಿದರೆ ಮತ್ತೆ ಹಾಸಿಗೆ.

ನಾದಿನಿ ಬಂದು ಇಬ್ಬರನ್ನೂ ನೋಡಿದಳು. "ಅಮ್ಮ ನೋಡಿದ್ರೆ ಕಡ್ಡಿ ಆಗಿದ್ದಾಳೆ. ಅತ್ತಿಗೆಗೆ ದುಃಖನೂ ಮೈಗೆ ಹತ್ತಿದೆ!"

ಸೊಸೆ ಅದಕ್ಕೂ ನಕ್ಕಳು. ಒಳಗೆ ಮಾತ್ರ ಅದೇ ನಿಜ ಅನ್ನಿಸಿತು. ಗಂಡನನ್ನು ಕಳಕೊಂಡವಳು ಹೀಗೆ ತಿನ್ನುತ್ತಾಳೆಯೇ? ತಾನು ಸೋಮಾರಿ, ಕಲ್ಲೆದೆಯವಳು. ಕಾಯಿಲೆ ಏನಿದ್ದರೂ ಅತ್ತೆಗೆ.

ಒಂದು ಮಧ್ಯಾಹ್ನ ಅತ್ತೆ ತಟ್ಟೆ ತಳ್ಳಿದರು. "ಹೊರಟೋಳಿಗೆ ಊಟ ಯಾಕೆ ಕಣೇ? ಅವನ ಬದಲು ನಾನು ಹೋಗಬೇಕಿತ್ತು."

ಸೊಸೆಗೆ ದಿಗಿಲಾಯಿತು. ಇವರೂ ಹೋದರೆ ಮನೆಯಲ್ಲಿ ಉಳಿಯುವುದು ತಾನು ಮತ್ತು ಹೊಲಿಗೆ ಯಂತ್ರ. ಕಲ್ಲಿನಂಥ ಕಾಲೆಳೆದುಕೊಂಡು ಮರುದಿನವೇ ಅವರನ್ನು ಮನೋವೈದ್ಯರ ಬಳಿಗೆ ಕರೆದೊಯ್ದಳು.

ಡಾಕ್ಟರಮ್ಮ ತಲೆ ನರೆತ ಹೆಂಗಸು. ಅವರ ಕೈಚೀಲದ ಬಾಯಿಗೆ ಪಿನ್ನು ಚುಚ್ಚಿಕೊಂಡಿದ್ದರು. ಸೊಸೆ ನೋಡಿದಳು. ರನ್ನರ್ ಸಡಿಲವಾಗಿದೆ, ಇಕ್ಕಳದಲ್ಲಿ ಒಮ್ಮೆ ಅದುಮಿದರೆ ಸಾಕು. ಗೊತ್ತಿತ್ತು. ಬೇಕೆನ್ನಿಸಲಿಲ್ಲ.

"ನಿದ್ದೆ ಹೇಗಿದೆ? ಊಟ? ಮುಂಚೆ ಇಷ್ಟವಾಗಿದ್ದ ಕೆಲಸ ಈಗ ಬೇಕು ಅನ್ಸುತ್ತಾ?" ಎಂದು ಡಾಕ್ಟರಮ್ಮ ಅತ್ತೆಯನ್ನು ಕೇಳಿದರು. ಎಲ್ಲಕ್ಕೂ ಸೊಸೆಯೇ ಉತ್ತರ ಕೊಟ್ಟಳು.

"ಸಾಯಬೇಕು ಅನ್ಸುತ್ತಾ?" ಎಂದಾಗ ಮಾತ್ರ ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ತಲೆ ತಗ್ಗಿಸಿ, "ಹೂಂ," ಎಂದರು.

ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದರು. "ನೀವು ಹೇಗಿದ್ದೀರಮ್ಮ?"

"ನನಗೇನು ಧಾಡಿ?"

ಈಗ ಅತ್ತೆಗೆ ಮಾತು ಬಂತು. "ಸುಳ್ಳು! ಹಗಲೆಲ್ಲ ಮಲಗಿರ್ತಾಳೆ. ಸ್ನಾನ ಮಾಡು ಅಂದ್ರೆ ನಾಳೆ ಅಂತಾಳೆ. ಹೊಲಿಗೆ ಅಂದ್ರೆ ಪ್ರಾಣ ಬಿಡೋಳು, ಯಂತ್ರ ಮುಟ್ಟಿಲ್ಲ. ಇವಳ್ನ ತೋರಿಸೋಣ ಅಂತಲೇ ನಾನು ಬಂದಿದ್ದು!"

"ನಿಮ್ಮನ್ನ ತೋರಿಸೋಕೆ ನಾನು ಬಂದಿದ್ದು, ಅತ್ತೆ!"

"ಇಬ್ಬರೂ ಸರಿಯಾದವರನ್ನೇ ಕರ್ಕೊಂಡು ಬಂದಿದ್ದೀರಿ," ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ಸೊಸೆಗೂ ಸಾವಿನ ಅದೇ ಪ್ರಶ್ನೆ ಹಾಕಿದರು.

"ಸಾಯೋಕೂ ಹಾಸಿಗೆ ಬಿಟ್ಟು ಏಳಬೇಕಲ್ಲ, ಡಾಕ್ಟರಮ್ಮ."

ಈ ಸಲ ಡಾಕ್ಟರಮ್ಮ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು. "ದುಃಖ ಬರುತ್ತೆ, ಹೋಗುತ್ತೆ. ನಡುವೆ ಚಹಾ ರುಚಿ ಅನ್ಸುತ್ತೆ. ಇದು ದುಃಖದ ಜೊತೆ ಒಳಗೆ ಬಂದು ಕೂತ ಕಾಯಿಲೆ. ಖಿನ್ನತೆ ಅಂತೀವಿ. ಒಬ್ಬರಿಗೆ ನಿದ್ದೆ, ಹಸಿವು ಕಿತ್ಕೊಳುತ್ತೆ. ಇನ್ನೊಬ್ಬರಿಗೆ ಎರಡನ್ನೂ ಜಾಸ್ತಿ ಮಾಡಿ ಮೈ ಭಾರ ಮಾಡುತ್ತೆ. ಕೆಲವರಿಗೆ ಚಳಿಗಾಲದಲ್ಲೇ ಬರುತ್ತೆ. ಕೆಲವರಿಗೆ ವರ್ಷಗಟ್ಟಲೆ ಮಂಕಾಗಿ ಹಾಗೇ ಇರುತ್ತೆ. ಬಾಣಂತಿಯರಿಗೂ ಬರುತ್ತೆ."

ಅತ್ತೆ ತಲೆ ಎತ್ತಿದರು. "ನನ್ನ ಮಗ ಹುಟ್ಟಿದಾಗ ನನಗೆ ಹಿಂಗೇ ಆಗಿತ್ತು. ಮಗೂನ ಎತ್ಕೊಳೋಕೂ ಬೇಡ ಅನ್ಸೋದು. ಕೆಟ್ಟ ತಾಯಿ ಅಂದ್ರು ಎಲ್ಲಾರೂ."

"ಕೆಟ್ಟ ತಾಯಿ ಅಲ್ಲ. ಕಾಯಿಲೆ ಆಗಿತ್ತು."

ಅತ್ತೆ ಗಳಗಳನೆ ಅತ್ತರು. ಸೊಸೆ ಅವರ ಕೈ ಹಿಡಿದಳು.

"ಯಾವಾಗಾದ್ರೂ ನಿದ್ದೇನೇ ಬೇಡ ಅನ್ನೋಷ್ಟು ಹುರುಪು, ಮಿತಿಮೀರಿದ ಖುಷಿ ಬಂದದ್ದುಂಟಾ? ಹಾಗಿದ್ರೆ ಮದ್ದು ಬೇರೆ," ಎಂದು ಡಾಕ್ಟರಮ್ಮ ಇಬ್ಬರನ್ನೂ ಕೇಳಿದರು.

"ಇವಳಿಗಾ?" ಅತ್ತೆ ಕಣ್ಣೊರೆಸಿಕೊಂಡರು. "ಮದುವೆ ದಿನಾನೂ ತೂಕಡಿಸ್ತಿದ್ಲು!"

ಮಾತ್ರೆ ನಾದಿನಿಯ ಬಳಿ ಇರಬೇಕು, ಮನೆಗೆ ಸ್ವಲ್ಪ ಸ್ವಲ್ಪವೇ ಬರಬೇಕು, ಅತ್ತೆಯನ್ನು ಒಂಟಿಯಾಗಿ ಬಿಡಬಾರದು ಎಂದರು ಡಾಕ್ಟರಮ್ಮ. ಗುಣ ಕಾಣಲು ವಾರಗಳೇ ಬೇಕು, ನಡುವೆ ನಿಲ್ಲಿಸಬೇಡಿ ಎಂದರು. ಮತ್ತೆ ಮತ್ತೆ ಕರೆಸಿ ಮಾತಾಡಿಸಿದರು. ನಾದಿನಿ ಮಾತ್ರೆ ಹಿಡಿದು ದಿನವೂ ಬಂದಳು. ಚುಚ್ಚುಮಾತು ಬಿಟ್ಟಿದ್ದಳು.

ಮೊದಮೊದಲು ಏನೂ ಆಗಲಿಲ್ಲ. "ಇದು ಮಾತ್ರೆನೋ ಸೀಮೆಸುಣ್ಣನೋ," ಎಂದು ಅತ್ತೆ ಗೊಣಗಿದರು. ಆಮೇಲೆ ಒಂದು ದಿನ ಚಹಾಕ್ಕೆ ಸಕ್ಕರೆ ಸಾಲದು ಎಂದು ಜಗಳ ತೆಗೆದರು. ಸೊಸೆಗೆ ಕುಣಿಯುವಷ್ಟು ಸಂತೋಷವಾಯಿತು. ರುಚಿ ಗೊತ್ತಾಗಿದೆ! ಅವಳಿಗೂ ಕಾಲು ಹಗುರಾಗುತ್ತ ಬಂತು. ಅಳು ಬಂತು. ತಡವಾಗಿ ಬಂದರೂ ಜೋರಾಗಿಯೇ ಬಂತು. ಅತ್ತಾದ ಮೇಲೆ ಹಸಿವಾಯಿತು, ಪೊಟ್ಟಣ ಖಾಲಿ ಮಾಡಿಸುವ ಹಸಿವಲ್ಲ, ಬರೀ ಊಟದ ಹಸಿವು.

ಮುಂದಿನ ಸಲ ಡಾಕ್ಟರಮ್ಮನ ಬಳಿ ಹೋಗುವಾಗ ಅವಳ ಚೀಲದಲ್ಲಿ ಇಕ್ಕಳ ಇತ್ತು. ಕೂತ ತಕ್ಷಣ, "ಆ ಪಿನ್ನು ತೆಗೀರಿ, ನೋಡೋಕಾಗಲ್ಲ," ಎಂದಳು. ರನ್ನರನ್ನು ಅದುಮಿ, ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಸವರಿ ಎಳೆದಳು. ಸರ್ರನೆ ಮುಚ್ಚಿತು.

"ನನ್ನ ಮಗ ರಿಪೇರಿ ಮಾಡಿದ್ದು ಇನ್ನೂ ನುಣ್ಣಗಿರೋದು," ಎಂದರು ಅತ್ತೆ.

ಜಿಪ್ಪಣ್ಣ ಇಲ್ಲ ಅನ್ನುವುದು ಬದಲಾಗಲಿಲ್ಲ. ಅದಕ್ಕೆ ಮಾತ್ರೆಯಿಲ್ಲ. ಕೆಲವು ಬೆಳಗು ಇಂದಿಗೂ ಸೊಸೆಗೆ ಹಾಸಿಗೆ ಬಿಡಲು ಮನಸ್ಸಾಗುವುದಿಲ್ಲ. ಆಗ ಅತ್ತೆ ಹೊದಿಕೆ ಎಳೆದು, "ಏಳೇ, ಬೀದಿಯವರು ಕಾಯ್ತಿದ್ದಾರೆ," ಎನ್ನುತ್ತಾರೆ. ಅವಳು ಏಳುತ್ತಾಳೆ. ಶಟರ್ ಎತ್ತುತ್ತಾಳೆ. ಕೆಂಪು ಚೀಲದ ಧೂಳು ಕೊಡವಿ ಕೊಕ್ಕೆಗೆ ಹಾಕುತ್ತಾಳೆ. ಜಿಪ್ಪನ್ನು ಸರ್ರನೆ ತೆರೆಯುತ್ತಾಳೆ, ಸರ್ರನೆ ಮುಚ್ಚುತ್ತಾಳೆ.