ಸುರಂಗ ತುಳಿದ ಅತ್ತಿಗೆ

ನಮ್ಮಣ್ಣ ಜೇಬೆಜ್, ದಡದ ಮೇಲೆ ಬೆಳೆದ ಹುಡುಗಿಯನ್ನು ಮದುವೆಯಾಗಿ ಕರೆತಂದಾಗ ನಾನು ಮೂರು ದಿನ ಅವಳ ಹತ್ತಿರ ಮಾತಾಡಲಿಲ್ಲ. ನಾವು ಮೂರು ತಲೆಮಾರಿನಿಂದ ಕಾಲುವೆಯ ದೋಣಿಯಲ್ಲೇ ಹುಟ್ಟಿ, ಬರ್ಮಿಂಗ್‌ಹ್ಯಾಮ್‌ಗೆ ಕಲ್ಲಿದ್ದಲು ಸಾಗಿಸಿ ಬದುಕಿದವರು. ಕೆಜಾಯಾ ಅತ್ತಿಗೆ ತೋಟದ ಮಾಲಿಯ ಮಗಳು. ದೋಣಿಯ ಎರಡು ಹೆಜ್ಜೆಯಗಲದ ಕೋಣೆಯಲ್ಲಿ ಒಲೆ, ಹಾಸಿಗೆ, ಮೇಜು, ಮೂರು ಜನ ಎಲ್ಲ ಹಿಡಿಸಬೇಕು ಅಂದರೆ ಅವಳಿಗೆ ದಿಕ್ಕೇ ತೋಚಲಿಲ್ಲ. ಮೊದಲ ತಿಂಗಳು ತಲೆ ತಾಗಿಸಿಕೊಳ್ಳದ ದಿನವೇ ಇಲ್ಲ.

"ಕೊಟ್ಟಿಗೇಲಿ ಬೆಳೆದೋರಿಗೆ ಕೊಂಬು ಎಲ್ಲಿ ತಾಗುತ್ತೆ ಅಂತ ಗೊತ್ತಾಗಲ್ಲ," ಅಂದೆ ಒಂದು ಸಲ.

"ಕೊಂಬಿರೋದು ಗೊತ್ತಿದ್ರೆ ಎದುರಿಗೆ ಬರಬೇಡ, ಲೀಯಾ," ಅಂದಳು, ಹಣೆ ಉಜ್ಜಿಕೊಳ್ಳುತ್ತ. ಅವತ್ತು ಸ್ವಲ್ಪ ಇಷ್ಟವಾದಳು. ಒಪ್ಪಿಕೊಳ್ಳಲು ಮಾತ್ರ ನನ್ನ ಜಂಬ ಬಿಡಲಿಲ್ಲ.

ಎರಡನೆಯ ವಸಂತದ ಹೊತ್ತಿಗೆ ಅವಳು ಏಳು ತಿಂಗಳ ಬಸುರಿ. ದಡದಲ್ಲಿ ತುರಿಕೆ ಸೊಪ್ಪು ಚಿಗುರಿದ್ದೇ ತಡ, ಕೈಗೆ ಬಟ್ಟೆ ಸುತ್ತಿಕೊಂಡು ಕಿತ್ತು ತಂದು ಹಂದಿಮಾಂಸದ ಚೂರಿನ ಜೊತೆ ಬೇಯಿಸುತ್ತಿದ್ದಳು. "ಕುದುರೇನೂ ಮೂಸದ್ದನ್ನ ನಮಗೆ ಬಡಿಸ್ತಾಳೆ," ಅನ್ನುತ್ತಲೇ ಅಣ್ಣ ಎರಡು ಬಟ್ಟಲು ಖಾಲಿ ಮಾಡುತ್ತಿದ್ದ. ದೋಣಿಯ ಹಿತ್ತಾಳೆ ಉಜ್ಜಿ, ದಡದ ಮೇಲೆ ನಡೆದು ದೋಣಿಯೆಳೆಯುವ ಕುದುರೆಗೆ ಮೇವಿನ ಚೀಲ ಕಟ್ಟಿ ಹೊರಟರೆ, ಅವಳೆಸೆಯುವ ರೊಟ್ಟಿ ಚೂರಿಗಾಗಿ ಬಾತುಮರಿಗಳು ದೋಣಿಯ ಹಿಂದೆಯೇ ಬರುತ್ತಿದ್ದವು.

ಆ ವರ್ಷ ಈಸ್ಟರ್ ಸೋಮವಾರ ಗುಡ್ಡದ ಸುರಂಗದ ಬಾಯಿಗೆ ಬಂದೆವು. ಮೈಲಿಯುದ್ದ, ಒಳಗೆ ಕುದುರೆಗೆ ದಾರಿಯಿಲ್ಲ. ಒಬ್ಬರು ಕುದುರೆಯನ್ನು ಗುಡ್ಡದ ಮೇಲಿಂದ ಹೊಡೆದುಕೊಂಡು ಹೋಗಬೇಕು. ಇನ್ನಿಬ್ಬರು ದೋಣಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಅಂಗಾತ ಮಲಗಿ, ಎರಡೂ ಬದಿಯ ಗೋಡೆಯನ್ನು ಕಾಲಲ್ಲಿ ತುಳಿಯುತ್ತ ದೋಣಿಯನ್ನು ದಾಟಿಸಬೇಕು. ಆ ತುಳಿಯುವ ಕೆಲಸ ನನ್ನದು, ಅಣ್ಣನದು. ಆದರೆ ಹಿಂದಿನ ದಿನ ಕಾಲುವೆಯ ಬಾಗಿಲೆತ್ತುವ ಕಬ್ಬಿಣದ ಹಿಡಿ ಗಿರ್ರನೆ ತಿರುಗಿ ಬಡಿದು ನನ್ನ ಪಕ್ಕೆ ಊದಿತ್ತು. ಬಾಡಿಗೆಗೆ ತುಳಿಯುವವರು ಹಬ್ಬಕ್ಕೆ ಹೋಗಿದ್ದರು. ಹಿಂದೆ ನಾಲ್ಕು ದೋಣಿ; ನಾವು ಹೊರಬಿದ್ದ ಮೇಲೆಯೇ ಅವಕ್ಕೆ ದಾರಿ. ಬೈಗುಳ ಶುರುವಾಗಿತ್ತು.

"ನಾನು ತುಳೀತೀನಿ," ಅಂದಳು ಅತ್ತಿಗೆ.

"ಈ ಹೊಟ್ಟೆ ಇಟ್ಕೊಂಡಾ?" ಅಂದೆ.

"ಹೊಟ್ಟೆ ಅದರ ಪಾಡಿಗಿರುತ್ತೆ. ಕಾಲು ತಾನೆ ಬೇಕಿರೋದು? ನೀನು ಕುದುರೆ ನೋಡ್ಕೋ."

ಗುಡ್ಡದ ಮೇಲೆ ಕುರಿಮರಿಗಳು ಜಿಗಿಯುತ್ತಿದ್ದವು, ಕಾಡಂಚಿನ ತುಂಬ ನೀಲಿ ಹೂ. ಸುರಂಗಕ್ಕೆ ಗಾಳಿ ಹೋಗಲೆಂದು ಮೂರು ಕಡೆ ಬಾವಿಯ ಹಾಗೆ ತೋಡಿ ಇಟ್ಟಿಗೆಯ ಕಟ್ಟೆ ಕಟ್ಟಿದ್ದಾರೆ. ಮೊದಲನೆಯದಕ್ಕೆ ಕಿವಿಗೊಟ್ಟೆ. ಆಳದಲ್ಲಿ ಎರಡು ಜೊತೆ ಬೂಟಿನ ಸದ್ದು, ಅಣ್ಣನ ಹಾಡು. ಎರಡನೆಯದರಲ್ಲೂ ಎರಡು ಜೊತೆ, ಹಾಡು ನಿಂತಿತ್ತು. ಮೂರನೆಯದರ ಹತ್ತಿರ ಬಹಳ ಹೊತ್ತು ಕಾದೆ. ಕೊನೆಗೆ ಕೇಳಿಸಿದ್ದು ಒಂದೇ ಜೊತೆ ಬೂಟು, ಅದೂ ನಿಂತು ನಿಂತು.

ಕಟ್ಟೆಯ ಮೇಲೆ ಬಾಗಿ, "ಜೇಬೆಜ್, ಅತ್ತಿಗೆ ಎಲ್ಲೋ?" ಎಂದು ಕೂಗಿದೆ. ಉತ್ತರವಿಲ್ಲ, ಬೂಟಿನ ಸದ್ದು ಮಾತ್ರ. ಅವಳು ನೀರಿಗೆ ಬಿದ್ದಳು, ಮಗುವೂ ಹೋಯಿತು, ಬೀಳಬೇಕಾದವಳು ನಾನು ಅಂದುಕೊಂಡೆ. ಪಕ್ಕೆಯ ನೋವು ಮರೆತು, ಕುದುರೆಯನ್ನೆಳೆದುಕೊಂಡು ಇಳಿಜಾರಿನಲ್ಲಿ ಓಡಿದೆ.

ಆ ತುದಿಯ ಬಾಯಲ್ಲಿ ಎಷ್ಟು ಹೊತ್ತು ನಿಂತೆನೋ. ಮೊದಲು ದೀಪ ಕಂಡಿತು, ಆಮೇಲೆ ದೋಣಿಯ ಮೂತಿ. ಕಲ್ಲಿದ್ದಲಿನ ಮೇಲೆ ತೊಯ್ದು ತೊಪ್ಪೆಯಾಗಿ, ಜಜ್ಜಿದ ಮಂಡಿ ಹಿಡಿದುಕೊಂಡು ನರಳುತ್ತಿದ್ದವನು ನಮ್ಮಣ್ಣ. ಹಲಗೆಯಿಂದ ಜಾರಿ ನೀರಿಗೆ ಬಿದ್ದವನನ್ನು ಅವಳೇ ಕೊರಳಪಟ್ಟಿ ಹಿಡಿದು ಎಳೆದು ಹಾಕಿದ್ದಳಂತೆ. ಆಮೇಲೆ ಕೋಣೆಯ ಮಾಡಿನ ಮೇಲೆ ಅಂಗಾತ ಮಲಗಿ, ತಗ್ಗಾದ ಕಮಾನಿಗೆ ಕಾಲು ಕೊಟ್ಟು, ತುಂಬಿದ ದೋಣಿಯನ್ನು ಒಬ್ಬಳೇ ತುಳಿದುಕೊಂಡು ಬಂದಿದ್ದಳು ಕೆಜಾಯಾ. ಮುಖವೆಲ್ಲ ಮಸಿ, ಬೂಟಿನ ಅಟ್ಟೆ ಕಿತ್ತುಬಂದಿತ್ತು. ಇಷ್ಟು ದಿನ ಯಾರ ಜೊತೆ ಜಗಳವಾಡುತ್ತಿದ್ದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

"ನೀನು ಕೂಗಿದ್ದು ಕೇಳಿಸ್ತು," ಅಂದಳು. "ಇವನಿಗೆ ನೋವಲ್ಲಿ ಬಾಯೇ ಬರ್ಲಿಲ್ಲ. ನಾನು ಮಾತಾಡಿದ್ರೆ ಕಾಲು ನಿಂತೋಗ್ತಿತ್ತು."

ನಾನು ಹತ್ತಿ ಅವಳ ತಲೆ ಎತ್ತಿ ಹಿಡಿದೆ. ಅವಳು ಏಳಲಿಲ್ಲ. ದನಿ ತಗ್ಗಿಸಿ, "ಲೀಯಾ, ಅವನು ಬಿದ್ದಾಗಿಂದ ಒಳಗೆ ಇದು ಮಿಸುಕಾಡೇ ಇಲ್ಲ ಕಣೆ," ಅಂದಳು.

ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಏನೂ ಇಲ್ಲ. ಅಣ್ಣ ನರಳುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಇನ್ನೊಂದು ಕೈಯನ್ನೂ ಇಟ್ಟೆ. ದೋಣಿ ತಾನಾಗಿ ತೇಲಿ ದಡಕ್ಕೆ ತಾಗಿತು, ಯಾರೂ ಹಗ್ಗ ಹಾಕಲಿಲ್ಲ. ಆಗ, ನನ್ನ ಅಂಗೈಯನ್ನೇ ಎತ್ತಿ ಹಾಕುವ ಹಾಗೆ ಒಂದು ಒದೆ ಬಿತ್ತು. ಹಿಂದೆಯೇ ಇನ್ನೊಂದು.

ಸುರಂಗದುದ್ದಕ್ಕೂ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. "ನಂಗಿಂತ ಜೋರಾಗಿ ತುಳೀತಿದೆ," ಅಂದಳು. ನಾನು ಕೈ ತೆಗೆಯಲಿಲ್ಲ.